ರಾತ್ರಿ ಪಾಳಿಯಲ್ಲಿ ಎಷ್ಟು ಜನ?

ಬೆಂಗಳೂರಿನ ದಕ್ಷಿಣ ಭಾಗದ ಒಂದು ವೃದ್ಧಾಶ್ರಮದ ಆಡಳಿತ ಮಂಡಳಿಯಲ್ಲಿ ನಾನು ಆರು ವರ್ಷ ಗೌರವ ಖಜಾಂಚಿಯಾಗಿದ್ದೆ. ಬ್ಯಾಂಕಿನಿಂದ ನಿವೃತ್ತನಾದವನಿಗೆ ಲೆಕ್ಕ ಗೊತ್ತಿರುತ್ತದೆ, ಬಿಡುವೂ ಇರುತ್ತದೆ ಎಂಬ ಎರಡೇ ಕಾರಣಗಳಿಗೆ ಸ್ನೇಹಿತರು ನನ್ನನ್ನು ಅಲ್ಲಿಗೆ ಕರೆದೊಯ್ದಿದ್ದರು. ಲೆಕ್ಕ ನನಗೆ ಗೊತ್ತಿತ್ತು ಎಂದೇ ನಾನೂ ಭಾವಿಸಿದ್ದೆ. ಹಾಗಲ್ಲ ಎಂದು ತಿಳಿದದ್ದು ಒಂದು ರಿಜಿಸ್ಟರ್ ನೋಡಿದ ಮೇಲೆ.

ಹಾಸಿಗೆ ಹಿಡಿದ ಹಿರಿಯರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸಬೇಕು. ಇಲ್ಲದಿದ್ದರೆ ಸೊಂಟ, ಹಿಮ್ಮಡಿ, ಭುಜದ ಮೂಳೆಗಳ ಮೇಲೆ ಚರ್ಮ ಕೊಳೆತು ಹುಣ್ಣಾಗುತ್ತದೆ. ಆ ಹುಣ್ಣು ಒಮ್ಮೆ ಆಳಕ್ಕಿಳಿದರೆ ವಾಸಿಯಾಗಲು ತಿಂಗಳುಗಳೇ ಬೇಕು. ಕೆಲವರಲ್ಲಿ ವಾಸಿಯಾಗುವುದೇ ಇಲ್ಲ. ಹೀಗೆ ಹೊರಳಿಸಿದ್ದಕ್ಕೆ ಪ್ರತಿ ಸಲವೂ ರಿಜಿಸ್ಟರಿನಲ್ಲಿ ಗುರುತು ಹಾಕಬೇಕೆಂಬುದು ನಮ್ಮಲ್ಲಿ ನಿಯಮವಾಗಿತ್ತು. ಒಂದು ಮುಂಜಾನೆ 82 ವರ್ಷದ ನಿವೃತ್ತ ಶಾಲಾ ಶಿಕ್ಷಕಿಯೊಬ್ಬರು ಶೌಚಾಲಯದ ಬಾಗಿಲಲ್ಲಿ ಬಿದ್ದಿದ್ದು ಕಾಣಿಸಿತು. ಅವರು ಬಿದ್ದದ್ದು ಮೂರು ಗಂಟೆಯ ಸುಮಾರಿಗೆ. ಹಾಲಿನವನಿಗೆ ಗೇಟು ತೆಗೆಯಲು ಎದ್ದವರು ನೋಡಿದ್ದು ಐದೂವರೆಗೆ. ತೊಡೆಯ ಮೂಳೆ ಸೊಂಟದ ಬಳಿ ಮುರಿದಿತ್ತು. ರಿಜಿಸ್ಟರ್ ತರಿಸಿ ನೋಡಿದೆವು. ಬಿದ್ದ ಅಜ್ಜಿಯ ಪಕ್ಕದ ಮಂಚದಲ್ಲಿದ್ದ ಹಾಸಿಗೆ ಹಿಡಿದವರನ್ನು ನಾಲ್ಕು ಗಂಟೆಗೆ ಹೊರಳಿಸಿದ್ದಾಗಿ ಅದರಲ್ಲಿ ಗುರುತಿತ್ತು. ಹಾಗಾದರೆ ಪಕ್ಕದ ಮಂಚ ಖಾಲಿ ಇದ್ದುದು ಕಾಣಲಿಲ್ಲವೇ? ಪುಟವನ್ನು ಇನ್ನಷ್ಟು ಹತ್ತಿರದಿಂದ ನೋಡಿದಾಗ ವಿಷಯ ಸ್ಪಷ್ಟವಾಯಿತು. 11 ಜನ, ಆರು ಸುತ್ತು, ಒಟ್ಟು 66 ಗುರುತುಗಳು. ಎಲ್ಲವೂ ಒಂದೇ ಓರೆಯಲ್ಲಿ, ಒಂದೇ ಪೆನ್ನಿನಲ್ಲಿ, ಒಂದೇ ಸಲಕ್ಕೆ ಕುಳಿತು ಹಾಕಿದವು.

ಮಂಡಳಿಯ ಸಭೆ ಒಂದು ಗಂಟೆ ನಡೆಯಿತು. ಆಯಾಳನ್ನು ಕರೆಸಿ ಅಧ್ಯಕ್ಷರು, ‘ಯಾಕಮ್ಮ ಹೀಗೆ ಸುಳ್ಳು ಬರೆದೆ?’ ಎಂದು ಕೇಳಿದರು. ಕೋಲಾರದ ಕಡೆಯ, ಐವತ್ತರ ಆಸುಪಾಸಿನ ಹೆಂಗಸು ಆಕೆ. ‘ಬರೀದಿದ್ರೆ ಬೆಳಿಗ್ಗೆ ಬೈತಾರೆ ಸಾರ್. ಬರೆಯೋಕೆ ಐದು ನಿಮಿಷ ಸಾಕು. ಹೊರಳಿಸೋಕೆ ನಾನೊಬ್ಳೇ ಅಲ್ವಾ?’ ಎಂದಳು. ಅದನ್ನು ನಾವು ಉದ್ಧಟತನವೆಂದು ಬಗೆದೆವು. ಸುಳ್ಳು ದಾಖಲೆ ಬರೆದ ಕಾರಣಕ್ಕೆ ಆಕೆಯನ್ನು ಕೆಲಸದಿಂದ ತೆಗೆಯುವ ತೀರ್ಮಾನವಾಯಿತು. ನಡಾವಳಿ ಬರೆದವನು ನಾನೇ. ಆ ರಾತ್ರಿ ಪಾಳಿಯಲ್ಲಿ ಎಷ್ಟು ಜನರಿದ್ದರು ಎಂಬ ಪ್ರಶ್ನೆ ಆ ಒಂದು ಗಂಟೆಯಲ್ಲಿ ಯಾರ ಬಾಯಿಂದಲೂ ಬರಲಿಲ್ಲ. ಶಿಕ್ಷಕಿ ಶಸ್ತ್ರಚಿಕಿತ್ಸೆಯ ನಂತರ ಹಿಂತಿರುಗಿದರು, ಮತ್ತೆ ನಡೆಯಲಿಲ್ಲ, ನಾಲ್ಕು ತಿಂಗಳಿಗೆ ತೀರಿಕೊಂಡರು.

ನಾನು ಲೆಕ್ಕ ಹಾಕಿದ್ದು ಆಕೆಯನ್ನು ಕಳಿಸಿದ ಮೇಲೆ. ಒಬ್ಬ ಹಾಸಿಗೆ ಹಿಡಿದವರನ್ನು ಹೊರಳಿಸಿ, ಒದ್ದೆಯಾಗಿದ್ದರೆ ಡೈಪರ್ ಬದಲಿಸಿ, ಒರೆಸಿ, ಪುಡಿ ಹಾಕಿ, ದಿಂಬು ಸರಿಪಡಿಸಲು ಹತ್ತು ನಿಮಿಷ ಬೇಕು. 11 ಜನರಿಗೆ 110 ನಿಮಿಷ. ಸುತ್ತು ಮುಗಿಸಬೇಕಾದದ್ದು 120 ನಿಮಿಷದೊಳಗೆ. ಅಂದರೆ ಒಬ್ಬಳೇ ಇದ್ದಾಗ ಇಡೀ ರಾತ್ರಿ ಕೂರದೆ ಅದೊಂದನ್ನೇ ಮಾಡಿದರೂ, ಉಳಿದ 29 ಹಿರಿಯರಿಗಾಗಿ ಆಕೆಯ ಬಳಿ ಎರಡು ಗಂಟೆಗೆ ಹತ್ತು ನಿಮಿಷ ಉಳಿಯುತ್ತದೆ. ಅದೂ ಒಬ್ಬಳೇ ಎತ್ತಿ ಹೊರಳಿಸಬಲ್ಲೆ ಎಂದುಕೊಂಡರೆ. 70 ಕಿಲೋ ತೂಕದ ಪಾರ್ಶ್ವವಾಯು ಪೀಡಿತರನ್ನು ಒಬ್ಬರೇ ಹೊರಳಿಸಲಾಗದು. ಹಾಗೆ ಮಾಡಹೋಗಿ ಬೆನ್ನು ಹಿಡಿದು ಕೆಲಸ ಬಿಟ್ಟ ಆಯಾಗಳನ್ನು ನಾನೇ ಕಂಡಿದ್ದೇನೆ. ನಾವು ಆಕೆಗೆ ಒಪ್ಪಿಸಿದ್ದು ಮಾಡಲು ಸಾಧ್ಯವೇ ಇಲ್ಲದ ಕೆಲಸವನ್ನು. ಜೊತೆಗೆ, ಮಾಡಿದೆನೆಂದು ಬರೆಯುವ ಪುಸ್ತಕವನ್ನೂ ಕೊಟ್ಟಿದ್ದೆವು.

ಆ ರಾತ್ರಿ ಆಕೆ ಒಬ್ಬಳೇ ಇದ್ದುದಕ್ಕೆ ಕಾರಣ, ಇನ್ನೊಬ್ಬಳು ಊರ ಹಬ್ಬಕ್ಕೆ ರಜೆ ಹಾಕಿದ್ದು. ಮೊದಲು ರಾತ್ರಿಗೆ ಮೂವರಿದ್ದರು. ಮೂರನೆಯವಳು ಕೆಲಸ ಬಿಟ್ಟಾಗ ಆ ಜಾಗವನ್ನು ತುಂಬುವುದು ಬೇಡವೆಂದು ಸಲಹೆ ಕೊಟ್ಟವನು ಖಜಾಂಚಿಯಾದ ನಾನು. ‘ರಾತ್ರಿ ಎಲ್ಲರೂ ಮಲಗಿರುತ್ತಾರಲ್ಲ’ ಎಂದಿದ್ದೆ. ಇದನ್ನು ಇಲ್ಲಿ ಬರೆಯಲು ನನಗೆ ಸಂಕೋಚವಿದೆ. ಆದರೆ ನನ್ನಂಥ ಸದಾಶಯದ ಖಜಾಂಚಿಗಳು ಈ ನಗರದ ಅನೇಕ ಟ್ರಸ್ಟ್‌ಗಳಲ್ಲಿ ಕುಳಿತಿದ್ದಾರೆ ಎಂಬುದರಿಂದ ಬರೆಯುತ್ತಿದ್ದೇನೆ. ವಯಸ್ಸಾದವರು ರಾತ್ರಿ ಮಲಗಿರುವುದಿಲ್ಲ. ಮೂತ್ರಕ್ಕೆಂದು ಏಳುತ್ತಾರೆ, ಮಂಪರಿನಲ್ಲಿ ಚಪ್ಪಲಿ ಹುಡುಕುತ್ತಾರೆ, ಬೀಳುತ್ತಾರೆ. ಮರೆವಿನ ಕಾಯಿಲೆಯವರಿಗೆ ಸಂಜೆ ಕವಿದಂತೆ ಕಳವಳ ಏರುತ್ತದೆ. ಮನೆಗೆ ಹೋಗಬೇಕೆಂದು ಬಾಗಿಲು ಬಡಿಯುತ್ತಾರೆ. ನೋಡಿಕೊಳ್ಳಲು ಜನರಿಲ್ಲದ ಕಡೆ ಇದಕ್ಕೆ ಸಿಗುವ ಪರಿಹಾರ ಎರಡೇ: ನಿದ್ದೆ ಮಾತ್ರೆ, ಇಲ್ಲವೇ ಮಂಚಕ್ಕೆ ಬಿಗಿದ ದುಪಟ್ಟಾ.

ಬ್ಯಾಂಕಿನವನಾದ್ದರಿಂದ ಇನ್ನೊಂದು ಲೆಕ್ಕವನ್ನು ಓದುಗರ ಮುಂದಿಡುತ್ತೇನೆ. ವಾರದಲ್ಲಿ 168 ಗಂಟೆಗಳಿವೆ. ಕೆಲಸದ ವಾರ 48 ಗಂಟೆ ಮೀರಬಾರದೆಂಬ ಮಿತಿ 1948ರ ಕಾರ್ಖಾನೆ ಕಾಯ್ದೆಯ ಕಾಲದಿಂದ ಈ ದೇಶಕ್ಕೆ ಪರಿಚಿತ. 168ನ್ನು 48ರಿಂದ ಭಾಗಿಸಿದರೆ ಮೂರೂವರೆ. ಒಬ್ಬ ಆಯಾ ಹಗಲೂ ರಾತ್ರಿ ಒಂದು ಜಾಗದಲ್ಲಿ ಇರಬೇಕಾದರೆ ಸಂಬಳದ ಪಟ್ಟಿಯಲ್ಲಿ ಮೂರೂವರೆ ಜನ ಇರಬೇಕು. ಕಾಯಿಲೆ, ರಜೆ, ಹಬ್ಬ ಸೇರಿದರೆ ನಾಲ್ಕು ದಾಟುತ್ತದೆ. ನಾವು ಆ ಜಾಗವನ್ನು ಇಬ್ಬರಿಂದ ತುಂಬಿಸುತ್ತಿದ್ದೆವು: ಬೆಳಿಗ್ಗೆ ಎಂಟರಿಂದ ರಾತ್ರಿ ಎಂಟರವರೆಗೆ ಒಬ್ಬಳು, ಅಲ್ಲಿಂದ ಬೆಳಿಗ್ಗೆ ಎಂಟರವರೆಗೆ ಇನ್ನೊಬ್ಬಳು. ತಲಾ 84 ಗಂಟೆ. ತಿಂಗಳಿಗೆ ಎರಡು ರಜೆ. ಹೆಚ್ಚಿನವರು ಕಟ್ಟಡದ ಹಿಂಬದಿಯ ಕೋಣೆಯಲ್ಲೇ ವಾಸವಿದ್ದುದರಿಂದ, ಪಾಳಿ ಮುಗಿಸಿ ಮಲಗಿದವಳನ್ನೂ ‘ಸ್ವಲ್ಪ ಬಾ, ತಾತನನ್ನು ಎತ್ತಬೇಕು’ ಎಂದು ಎಬ್ಬಿಸುವುದು ರೂಢಿಯಾಗಿತ್ತು. ಊಟ, ವಸತಿ ಉಚಿತ ಎಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದೆವು. ಆ ವಸತಿಯ ಬಾಡಿಗೆಯನ್ನು ಆಕೆ ನಿದ್ದೆಯ ರೂಪದಲ್ಲಿ ಕಟ್ಟುತ್ತಿದ್ದಳು.

ಇದೆಲ್ಲ ಕ್ರೌರ್ಯದಿಂದ ನಡೆಯುತ್ತದೆಂದು ನಾನು ಹೇಳುವುದಿಲ್ಲ. ಇದರ ಬೇರಿರುವುದು ಒಂದು ಒಳ್ಳೆಯ ಪದದಲ್ಲಿ. ಆ ಪದ ‘ಸೇವೆ’. ಟ್ರಸ್ಟಿಗಳಾದ ನಾವು ಸಂಬಳವಿಲ್ಲದೆ ದುಡಿಯುತ್ತೇವೆ, ಆದ್ದರಿಂದ ಆಯಾಗಳೂ ಸಂಬಳದ ಮಾತೆತ್ತದೆ ದುಡಿಯಬೇಕು ಎಂಬ ಭಾವನೆ ನಮ್ಮ ಮಂಡಳಿಯಲ್ಲಿ ಯಾರೂ ಬಾಯಿಬಿಟ್ಟು ಹೇಳದೆ ನೆಲೆಸಿತ್ತು. ನಾವು ಪಿಂಚಣಿಯ ಮೇಲೆ ನಿಂತು ಸೇವೆ ಮಾಡುತ್ತಿದ್ದೆವು, ಅವರು ಮಕ್ಕಳ ಶಾಲಾ ಶುಲ್ಕಕ್ಕಾಗಿ ಮಾಡುತ್ತಿದ್ದರು ಎಂಬ ವ್ಯತ್ಯಾಸ ಮರೆತುಹೋಗುತ್ತಿತ್ತು. 2020ರ ಲಾಕ್‌ಡೌನ್‌ನಲ್ಲಿ ಹೊರಗಿನವರಿಗೆ ಬಾಗಿಲು ಮುಚ್ಚಿದಾಗ ನಮ್ಮ ಆಯಾಗಳು ಮನೆಮಕ್ಕಳನ್ನು ಬಿಟ್ಟು ವಾರಗಟ್ಟಲೆ ಒಳಗೇ ಉಳಿದರು. ಆಮೇಲೆ ಸಭೆ ಮಾಡಿ ಶಾಲು ಹೊದೆಸಿದೆವು, ಒಂದು ಸೀರೆ, ಒಂದು ಡಬ್ಬ ಮೈಸೂರುಪಾಕು. ಹೆಚ್ಚಿನ ಗಂಟೆಗಳ ವೇತನದ ಪ್ರಸ್ತಾಪ ಬರಲಿಲ್ಲ. ಬಂದಿದ್ದರೆ ಹಣವಿಲ್ಲವೆಂದು ಹೇಳುತ್ತಿದ್ದವನೂ ನಾನೇ.

ದಾನಿಗಳ ವಿಚಾರವೂ ಇದಕ್ಕೆ ಸೇರಿದ್ದು. ಹುಟ್ಟುಹಬ್ಬ, ತಿಥಿ, ವಿವಾಹ ವಾರ್ಷಿಕೋತ್ಸವಗಳ ನೆಪದಲ್ಲಿ ಒಂದು ದಿನದ ಊಟದ ಖರ್ಚು ಹೊರುವವರ ಪಟ್ಟಿ ನಮ್ಮಲ್ಲಿ ಎರಡು ತಿಂಗಳು ಮುಂಚೆಯೇ ತುಂಬಿರುತ್ತಿತ್ತು. ಅವರ ಹೆಸರನ್ನು ಗೇಟಿನ ಪಕ್ಕದ ಕರಿಹಲಗೆಯ ಮೇಲೆ ಬರೆಯುತ್ತಿದ್ದೆವು. ಕೆಲವು ವಾರ ಸತತ ಹೋಳಿಗೆ, ಪಾಯಸ. ಸಕ್ಕರೆ ಕಾಯಿಲೆಯವರ ರಕ್ತಪರೀಕ್ಷೆಯ ಅಂಕಿ ನೋಡಿ ವೈದ್ಯರು ರೇಗುವಷ್ಟು. ಗಾಲಿಕುರ್ಚಿ, ಟಿ.ವಿ., ಫ್ರಿಜ್ ಬೇಡವೆಂದರೂ ಬರುತ್ತಿದ್ದವು. ಆದರೆ ರಾತ್ರಿ ಪಾಳಿಯ ಒಬ್ಬ ಆಯಾಳ ಒಂದು ತಿಂಗಳ ಸಂಬಳವನ್ನು ನಾನು ಕೊಡುತ್ತೇನೆ ಎಂದು ಆ ಆರು ವರ್ಷಗಳಲ್ಲಿ ಬಂದವರು ಯಾರೂ ಇಲ್ಲ. ಅನ್ನ ಬಡಿಸುವಾಗ ಫೋಟೊ ತೆಗೆಯಬಹುದು. ರಾತ್ರಿ ಎರಡು ಗಂಟೆಗೆ ಡೈಪರ್ ಬದಲಿಸುವುದು ಫೋಟೊಗೆ ಒಗ್ಗುವ ಸಂಗತಿಯಲ್ಲ.

ಕಾನೂನು ಏನು ಹೇಳುತ್ತದೆ? 2007ರ ಪೋಷಕರ ಹಾಗೂ ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣ ಕಾಯ್ದೆಯ 19ನೇ ಕಲಮು ಜಿಲ್ಲೆಗೊಂದಾದರೂ ವೃದ್ಧಾಶ್ರಮವನ್ನು, ಕನಿಷ್ಠ 150 ಮಂದಿ ನಿರ್ಗತಿಕ ಹಿರಿಯರಿಗೆ ಸ್ಥಳವಿರುವಂತೆ, ರಾಜ್ಯ ಸರ್ಕಾರಗಳು ಸ್ಥಾಪಿಸಬಹುದು ಎನ್ನುತ್ತದೆ. ‘ಬಹುದು’ ಎಂಬ ಆ ಪದದ ಭಾರವನ್ನು ಓದುಗರೇ ಊಹಿಸಬಹುದು. ಅಶ್ವನಿ ಕುಮಾರ್ ಪ್ರಕರಣದಲ್ಲಿ 2018ರಲ್ಲಿ ಸುಪ್ರೀಂ ಕೋರ್ಟ್, ಪ್ರತಿ ಜಿಲ್ಲೆಯಲ್ಲಿ ಎಷ್ಟು ವೃದ್ಧಾಶ್ರಮಗಳಿವೆ ಎಂಬ ಮಾಹಿತಿಯನ್ನು ರಾಜ್ಯಗಳಿಂದ ಪಡೆಯುವಂತೆ ಕೇಂದ್ರಕ್ಕೆ ಸೂಚಿಸಬೇಕಾಯಿತು. ಕಾಯ್ದೆ ಬಂದು ಹನ್ನೊಂದು ವರ್ಷಗಳಾದ ಮೇಲೆ ಆಶ್ರಮಗಳ ಎಣಿಕೆಗೇ ನ್ಯಾಯಾಲಯದ ಆದೇಶ ಬೇಕಾಯಿತು ಎಂದ ಮೇಲೆ ಆಯಾಗಳ ಎಣಿಕೆಯ ಮಾತೆಲ್ಲಿ? ಕಾಯ್ದೆಗೆ ಅನುಗುಣವಾಗಿ ರೂಪಿಸಿದ ಮಾದರಿ ನಿಯಮಗಳಲ್ಲಿ ಒಬ್ಬ ಹಿರಿಯರಿಗೆ ಮಲಗುವ ಕೋಣೆಯಲ್ಲಿ 7.5 ಚದರ ಮೀಟರ್ ಜಾಗವಿರಬೇಕೆಂಬ ಅಳತೆ ಇದೆ. ಒಳ್ಳೆಯದೇ. ಟೇಪು ಹಿಡಿದು ಹಗಲು ಹೊತ್ತಿನಲ್ಲಿ ಕೋಣೆಯನ್ನು ಅಳೆಯಬಹುದು. ರಾತ್ರಿ ಎರಡು ಗಂಟೆಗೆ ಆ ಕಟ್ಟಡದಲ್ಲಿ ಎಷ್ಟು ಜನ ಎಚ್ಚರವಿರುತ್ತಾರೆಂಬುದು ಯಾವ ಟೇಪಿಗೂ ಸಿಗುವುದಿಲ್ಲ. ನನ್ನ ಅವಧಿಯಲ್ಲಿ ಬಂದ ಪ್ರತಿ ತಪಾಸಣೆಯೂ ಬೆಳಿಗ್ಗೆ ಹನ್ನೊಂದರ ನಂತರವೇ ನಡೆಯಿತು, ಕಾಫಿ, ಉಪ್ಪಿಟ್ಟಿನೊಂದಿಗೆ.

ಹಿರಿಯರ ಪಾಲನಾ ಕೇಂದ್ರಗಳೆಲ್ಲ ನೋಂದಣಿ ಮಾಡಿಸಬೇಕು, ಕನಿಷ್ಠ ಗುಣಮಟ್ಟ ಪಾಲಿಸಬೇಕು ಎಂದು ಹೇಳುವ ತಿದ್ದುಪಡಿ ಮಸೂದೆಯೊಂದು 2019ರ ಡಿಸೆಂಬರಿನಲ್ಲಿ ಲೋಕಸಭೆಯಲ್ಲಿ ಮಂಡನೆಯಾಗಿತ್ತು. ಸ್ಥಾಯಿ ಸಮಿತಿಗೂ ಹೋಗಿ ಬಂತು. 2024ರಲ್ಲಿ ಆ ಲೋಕಸಭೆ ವಿಸರ್ಜನೆಯಾಗುವವರೆಗೂ ಅದು ಕಾಯ್ದೆಯಾಗಲಿಲ್ಲ. ಇತ್ತ ಕರ್ನಾಟಕದಲ್ಲಿ ಹತ್ತು ಹಾಸಿಗೆಯ ನರ್ಸಿಂಗ್ ಹೋಮ್ ತೆರೆಯಬೇಕಾದರೂ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿ ಬೇಕು. 2011ರ ಜನಗಣತಿಯಲ್ಲೇ ರಾಜ್ಯದ ಪ್ರತಿ ಹತ್ತು ಜನರಲ್ಲಿ ಹೆಚ್ಚುಕಡಿಮೆ ಒಬ್ಬರು 60 ದಾಟಿದವರಾಗಿದ್ದರು.

ಬೇರೆಡೆ ಏನಿದೆ ಎಂದು ಕೇಳುವವರುಂಟು. ಅಮೆರಿಕದ ಸರ್ಕಾರ 2024ರಲ್ಲಿ ಅಲ್ಲಿನ ಶುಶ್ರೂಷಾ ಗೃಹಗಳಿಗೆ ಒಬ್ಬ ನಿವಾಸಿಗೆ ದಿನಕ್ಕೆ ಒಟ್ಟು 3.48 ಗಂಟೆಗಳ ಆರೈಕೆ ಸಿಗಬೇಕೆಂಬ ನಿಯಮ ಹೊರಡಿಸಿತು. ಮಾಲೀಕರು ಕೋರ್ಟಿಗೆ ಹೋದರು. 2025ರಲ್ಲಿ ಟೆಕ್ಸಾಸ್‌ನ ನ್ಯಾಯಾಲಯ ಅದನ್ನು ರದ್ದುಪಡಿಸಿತು. ಅಂದರೆ ಶ್ರೀಮಂತ ದೇಶದಲ್ಲೂ ಈ ಜಗಳ ಮುಗಿದಿಲ್ಲ. ಆ ಗೃಹಗಳು ನಮ್ಮ ಆಶ್ರಮಗಳಿಗಿಂತ ಹೆಚ್ಚು ಕಾಯಿಲೆಯವರನ್ನು ನೋಡುವಂಥವು, ಹೋಲಿಕೆ ಪೂರ್ತಿ ಸರಿಹೊಂದದು. ಆದರೂ ಅಳೆಯುವ ಆ ಕ್ರಮ ನನಗೆ ಹಿಡಿಸಿತು. ನಮ್ಮಲ್ಲಿ 40 ಹಿರಿಯರಿಗೆ ಹಗಲು ಆರು, ರಾತ್ರಿ ಇಬ್ಬರು, ಒಟ್ಟು ಎಂಟು ಆಯಾಗಳು; ಹನ್ನೆರಡು ಗಂಟೆಯಂತೆ ದಿನಕ್ಕೆ 96 ಗಂಟೆ; ತಲೆಗೆ 2.4 ಗಂಟೆ. ಅದರಲ್ಲೇ ಬಟ್ಟೆ ಒಗೆಯುವುದು, ನೆಲ ಒರೆಸುವುದು, ಅಡುಗೆಯವರಿಗೆ ತರಕಾರಿ ಹೆಚ್ಚಿ ಕೊಡುವುದು ಎಲ್ಲ ಸೇರಿತ್ತು. ಅದೇ ಎಂಟು ಜನ ವಾರಕ್ಕೆ 48 ಗಂಟೆ ಮಾತ್ರ ದುಡಿದರೆ ಅದು ಒಂದೂವರೆ ಗಂಟೆಗಿಂತಲೂ ಕೆಳಕ್ಕೆ ಇಳಿಯುತ್ತದೆ. ಆ ಅವಧಿಯಲ್ಲಿ ಸ್ನಾನ, ಮೂರು ಹೊತ್ತಿನ ಊಟ, ಮಾತ್ರೆ, ಶೌಚ, ಎಲ್ಲ ಆಗಬೇಕು. ನುಂಗುವ ತೊಂದರೆಯಿರುವ ಒಬ್ಬರಿಗೆ ಒಂದು ಬಟ್ಟಲು ಗಂಜಿ ತಿನ್ನಿಸಲು ಅರ್ಧ ಗಂಟೆ ಬೇಕು. ಅವಸರ ಮಾಡಿದರೆ ಗಂಜಿ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಬಹುದು.

ಇನ್ನು ಕುಟುಂಬದವರು. ವಿದೇಶದಲ್ಲಿರುವ ಮಕ್ಕಳು ಆಶ್ರಮ ನೋಡಲು ಬಂದಾಗ ಕೇಳುವ ಪ್ರಶ್ನೆಗಳನ್ನು ನಾನು ಬಲ್ಲೆ: ಗೀಸರ್ ಇದೆಯೇ, ಶುದ್ಧ ಸಸ್ಯಾಹಾರವೇ, ಸಿಸಿಟಿವಿ ಹಾಕಿಸಿದ್ದೀರಾ, ಮೊಬೈಲಿನಲ್ಲಿ ನೋಡಬಹುದೇ? ಕ್ಯಾಮೆರಾ ಇರಲಿ, ಹಿರಿಯರ ಮೇಲೆ ಕೈಮಾಡಿದವರು ಸಿಕ್ಕಿಬೀಳಬೇಕು, ಅದರಲ್ಲಿ ಎರಡು ಮಾತಿಲ್ಲ. ಎಷ್ಟೇ ದಣಿದಿದ್ದರೂ ಹೊಡೆಯುವುದಕ್ಕೆ ಕ್ಷಮೆ ಇಲ್ಲ, ಹಾಗೆ ಹೊಡೆದ ಒಬ್ಬಳನ್ನು ಪೊಲೀಸರಿಗೆ ಒಪ್ಪಿಸುವಾಗ ನಾನು ಅನುಮಾನಿಸಲಿಲ್ಲ. ಆದರೆ ಕ್ಯಾಮೆರಾಕ್ಕೆ ಕಾಣುವುದು ಆಕೆಯ ಕೈ ಮಾತ್ರ. ಆಕೆ ಇಪ್ಪತ್ತು ಗಂಟೆಯಿಂದ ಎದ್ದಿದ್ದಾಳೆ ಎಂಬುದು ಅದಕ್ಕೆ ಕಾಣುವುದಿಲ್ಲ. ‘ರಾತ್ರಿ ಎಷ್ಟು ಜನ ಇರುತ್ತಾರೆ?’ ಎಂದು ಕೇಳಿದ ಮಗನನ್ನೋ ಮಗಳನ್ನೋ ನಾನು ಬೆರಳೆಣಿಕೆಯಷ್ಟು ಸಲವೂ ಕಂಡಿಲ್ಲ.

ಈಚಿನ ವರ್ಷಗಳಲ್ಲಿ ಒಡಿಶಾ, ಜಾರ್ಖಂಡ್, ಅಸ್ಸಾಂ ಕಡೆಯ ಹುಡುಗಿಯರು ಏಜೆನ್ಸಿಗಳ ಮೂಲಕ ಈ ಕೆಲಸಕ್ಕೆ ಬರುತ್ತಿದ್ದಾರೆ. ನಾವು ಕೊಡುವ ಹಣದಲ್ಲಿ ಏಜೆನ್ಸಿ ಎಷ್ಟು ಹಿಡಿದುಕೊಳ್ಳುತ್ತದೆ ಎಂಬುದನ್ನು ನಾವು ಕೇಳುತ್ತಿರಲಿಲ್ಲ. ಕೇಳದಿರುವುದು ನಮಗೆ ಅನುಕೂಲಕರವಾಗಿತ್ತು. ಮರೆವಿನ ಕಾಯಿಲೆ ಬಲಿತಂತೆ ಹಿರಿಯರಲ್ಲಿ ಆಮೇಲೆ ಕಲಿತ ಭಾಷೆಗಳು ಉದುರಿ ತಾಯ್ನುಡಿಯೊಂದೇ ಉಳಿಯುವುದುಂಟು. ಜೀವಮಾನವಿಡೀ ಇಂಗ್ಲಿಷಿನಲ್ಲಿ ಕಚೇರಿ ನಡೆಸಿದ ಉಡುಪಿ ಕಡೆಯ ಹಿರಿಯರೊಬ್ಬರು ತುಳುವಿನಲ್ಲಿ ನೀರು ಕೇಳುತ್ತಿದ್ದರು. ಎದುರಿಗೆ ನಿಂತ ಹುಡುಗಿಗೆ ಹಿಂದಿಯೂ ಅರ್ಧಂಬರ್ಧ. ಅವಳು ಒಂದು ಪುಟ್ಟ ನೋಟ್‌ಬುಕ್ಕಿನಲ್ಲಿ ಅವರ ಮಾತುಗಳನ್ನು ತನ್ನ ಲಿಪಿಯಲ್ಲಿ ಬರೆದುಕೊಂಡು ಕಲಿತಳು. ಹಾಗೆ ಕಲಿಯಲು ಅವಳಿಗೆ ಯಾರೂ ಹೇಳಿರಲಿಲ್ಲ, ಕಲಿತದ್ದನ್ನು ಯಾರೂ ಗಮನಿಸಲೂ ಇಲ್ಲ. ಏಳು ತಿಂಗಳಿಗೆ ಏಜೆನ್ಸಿ ಅವಳನ್ನು ಬೇರೆಡೆಗೆ ಕಳಿಸಿತು. ನೋಟ್‌ಬುಕ್ ಅವಳೊಂದಿಗೇ ಹೋಯಿತು.

ಆ ಸಾವಿನ ನಂತರ ನಮ್ಮಲ್ಲಿ ಆದ ಒಂದು ಒಳ್ಳೆಯ ಕೆಲಸವೆಂದರೆ ಸರ್ಕಾರಿ ಆಸ್ಪತ್ರೆಯಿಂದ ನಿವೃತ್ತರಾದ ದಾದಿಯೊಬ್ಬರನ್ನು ಮೇಟ್ರನ್ ಆಗಿ ನೇಮಿಸಿಕೊಂಡದ್ದು. ಆಕೆ ಮೊದಲು ಮಾಡಿದ್ದು ಪಾಳಿ ಬದಲಾಗುವಾಗ ಹದಿನೈದು ನಿಮಿಷ ಎರಡೂ ಪಾಳಿಯವರು ಒಟ್ಟಿಗೆ ನಿಂತು ಮಾತಾಡುವಂತೆ ಮಾಡಿದ್ದು: ಯಾರು ಊಟ ಬಿಟ್ಟರು, ಯಾರ ಹಿಮ್ಮಡಿ ಕೆಂಪಾಗಿದೆ, ಯಾರು ಇಂದು ಸಪ್ಪಗಿದ್ದಾರೆ. ಎರಡನೆಯದಾಗಿ, ಹೊರಳಿಸುವ ರಿಜಿಸ್ಟರಿನಲ್ಲಿ ‘ಆಗಲಿಲ್ಲ’ ಎಂದು ಬರೆಯಲು ಅವಕಾಶ ಕೊಟ್ಟರು. ಯಾರಾದರೂ ಬಿದ್ದರೆ ಬರೆದವರಿಗೆ ಬೈಗುಳವಿಲ್ಲ, ಮುಚ್ಚಿಟ್ಟರೆ ಮಾತ್ರ ಎಂದರು. ಮೂರು ತಿಂಗಳಲ್ಲಿ ಬೀಳುವ ಘಟನೆಗಳ ಸಂಖ್ಯೆ ಕಾಗದದ ಮೇಲೆ ಹೆಚ್ಚಾಯಿತು. ಮಂಡಳಿಯ ಸದಸ್ಯರೊಬ್ಬರು, ‘ಇವರು ಬಂದ ಮೇಲೆ ಬೀಳುವವರು ಜಾಸ್ತಿಯಾದರಲ್ಲ’ ಎಂದು ಗಾಬರಿಪಟ್ಟರು. ‘ಮೊದಲೂ ಬೀಳುತ್ತಿದ್ದರು ಸರ್, ನಿಮಗೆ ಗೊತ್ತಾಗುತ್ತಿರಲಿಲ್ಲ’ ಎಂದು ಮೇಟ್ರನ್ ಉತ್ತರಿಸಿದರು. ‘ಆಗಲಿಲ್ಲ’ ಎಂಬ ಆ ಪುಟಗಳನ್ನೇ ಮುಂದಿಟ್ಟು ಅವರು ಮೂರನೆಯ ರಾತ್ರಿ ಆಯಾಳನ್ನು ನಮ್ಮಿಂದ ಪಡೆದರು. ತೆಗೆದುಹಾಕಿದ್ದ ಕೋಲಾರದ ಹೆಂಗಸಿಗೂ ಅವರೇ ಹೇಳಿಕಳಿಸಿದ್ದರು. ಆಕೆ ಬರಲಿಲ್ಲ.

ಹಣ? ಅದನ್ನು ಹೇಳದೆ ಹೋದರೆ ಈ ಬರಹ ಅಪ್ರಾಮಾಣಿಕವಾಗುತ್ತದೆ. 40 ಜನರಿಗೆ ಎಂಟರ ಬದಲು ಇಪ್ಪತ್ತು ಆಯಾಗಳು ಬೇಕು ಎಂದಿಟ್ಟುಕೊಳ್ಳೋಣ. ಭವಿಷ್ಯನಿಧಿ, ಇಎಸ್‌ಐ ಎಲ್ಲ ಸೇರಿ ತಲಾ 20 ಸಾವಿರ ಎಂದು ಹಿಡಿದರೂ ತಿಂಗಳಿಗೆ 2 ಲಕ್ಷ 40 ಸಾವಿರ ರೂಪಾಯಿ ಹೆಚ್ಚು; ಒಬ್ಬ ಹಿರಿಯರಿಗೆ 6 ಸಾವಿರ. ನಮ್ಮಲ್ಲಿ ಅರ್ಧದಷ್ಟು ಜನ ಪೂರ್ತಿ ಶುಲ್ಕ ಕೊಡಲಾಗದವರು. ಹಾಗಾಗಿ ಕೊಡುವವರ ಮೇಲೆ 12 ಸಾವಿರ ಬೀಳುತ್ತದೆ. ಅಷ್ಟನ್ನು ಹೊರಲಾರದ ಮಧ್ಯಮ ವರ್ಗದ ಕುಟುಂಬಗಳು ಹಿರಿಯರನ್ನು ಇನ್ನೂ ಅಗ್ಗದ, ಇನ್ನೂ ಕಡಿಮೆ ಕೈಗಳಿರುವ ಕಡೆ ಸೇರಿಸುತ್ತವೆ. ಆದ್ದರಿಂದ ಬರೀ ನಿಯಮ ಹೊರಡಿಸಿದರೆ ಸಾಲದು. ನಿರ್ಗತಿಕ ಹಿರಿಯರನ್ನು ನೋಡಿಕೊಳ್ಳುವ ಸಂಸ್ಥೆಗಳಿಗೆ ಸರ್ಕಾರ ಕೊಡುವ ಅನುದಾನ ಕಟ್ಟಡಕ್ಕಲ್ಲದೆ ಪಾಳಿಗಳಿಗೂ ಲೆಕ್ಕವಾಗಬೇಕು. ದಾನಿಗಳಿಗೆ ಊಟದ ಪಟ್ಟಿಯ ಜೊತೆಗೆ ಪಾಳಿಯ ಪಟ್ಟಿಯನ್ನೂ ತೋರಿಸಬೇಕು. ಕಾಸು ಖರ್ಚಿಲ್ಲದ ಇನ್ನೊಂದು ಕೆಲಸವನ್ನು ನಾಳೆಯೇ ಮಾಡಬಹುದು: ಪ್ರತಿ ವೃದ್ಧಾಶ್ರಮವೂ ಇಂದು ರಾತ್ರಿ ಒಳಗೆ ಎಷ್ಟು ಹಿರಿಯರಿದ್ದಾರೆ, ಅವರಿಗೆ ಎಷ್ಟು ಜನ ಎಚ್ಚರವಿರುತ್ತಾರೆ ಎಂಬ ಎರಡು ಅಂಕಿಗಳನ್ನು ಗೇಟಿನ ಮೇಲೆ ಬರೆದು ಹಾಕಬೇಕು. ತಪಾಸಣೆಗೆ ಬರುವವರು ರಾತ್ರಿ ಬಂದು ಆ ಅಂಕಿಯನ್ನು ತಾಳೆ ನೋಡಬೇಕು.

ನಾನು ಮಂಡಳಿಯಿಂದ ಹೊರಬಂದು ಸ್ವಲ್ಪ ಕಾಲವಾಯಿತು. ಕಳೆದ ಯುಗಾದಿಯ ಹೊತ್ತಿಗೆ ಹೋಗಿದ್ದೆ. ಗೇಟಿನ ಪಕ್ಕದ ಕರಿಹಲಗೆಯಲ್ಲಿ ಅಂದಿನ ಊಟದ ದಾನಿಗಳ ಹೆಸರಿತ್ತು. ಅದರ ಕೆಳಗೆ ಮೇಟ್ರನ್ ಕೈಬರಹದಲ್ಲಿ ‘ಇಂದು ರಾತ್ರಿ: ಹಿರಿಯರು 41, ಆಯಾಗಳು’ ಎಂದು ಬರೆದು, ಮುಂದೆ 3 ಎಂದಿದ್ದುದನ್ನು ಒರೆಸಿ 2 ಎಂದು ತಿದ್ದಲಾಗಿತ್ತು. ಹಬ್ಬಕ್ಕೆ ಒಬ್ಬಳು ಊರಿಗೆ ಹೋಗಿದ್ದಳು.